ಅರಳಿಕಟ್ಟೆಯ ಎಡಸುತ್ತು

ಮಧುಗಿರಿಯಲ್ಲಿ ನಮ್ಮ ಮನೆಯ ಹತ್ತಿರದ ಪಾರ್ಕಿನ ಗೇಟಿಗೆ ‘ವಾಹನಗಳಿಗೆ ಪ್ರವೇಶವಿಲ್ಲ’ ಎಂಬ ಬೋರ್ಡು ಹಾಕಿದ್ದಾರೆ. ನಾನು ಬ್ರೇಕ್ ಹಿಡಿಯಲು ಕಲಿತದ್ದೇ ಆ ಬೋರ್ಡಿಗೆ ಗುದ್ದಿ. ಇವತ್ತಿಗೂ ಅದು ಒಂದು ಕಡೆಗೆ ವಾಲಿಕೊಂಡೇ ಇದೆ. ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ.

ಪಾರ್ಕಿನಲ್ಲಿ ಗಾಡಿ ಓಡಿಸುವ ಹುಡುಗ ಹುಡುಗಿಯರ ಬಗ್ಗೆ ಊರಿನವರು ಏನೇನು ಅನ್ನುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ವಾಕಿಂಗ್ ಬರುವವರು ನಮ್ಮನ್ನು ಕಂಡರೆ ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತಿದ್ದರು. ಅವರ ಸಿಟ್ಟಿನಲ್ಲಿ ತಪ್ಪೇನಿಲ್ಲ, ಹೊಗೆ ಕುಡಿಯಲು ಯಾರೂ ಪಾರ್ಕಿಗೆ ಬರುವುದಿಲ್ಲ. ಆದರೆ ನಾವಾದರೂ ಎಲ್ಲಿಗೆ ಹೋಗಬೇಕಿತ್ತು? ರಸ್ತೆಗೆ ಇಳಿದರೆ ಹಿಂದೆ ಬಸ್ಸು, ಮುಂದೆ ಟ್ರ್ಯಾಕ್ಟರು, ಪಕ್ಕದಲ್ಲಿ ತನ್ನ ಗಾಡಿಯ ವೇಗ ತಗ್ಗಿಸಿ “ಕಾಲು ಮೇಲಿಕ್ಕಮ್ಮ” ಎಂದು ಬುದ್ಧಿ ಹೇಳುವ ಒಬ್ಬ ಅಂಕಲ್ಲು. ಹುಡುಗಿಯೊಬ್ಬಳು ಮೊದಲ ಸಲ ಹ್ಯಾಂಡಲ್ ಹಿಡಿದರೆ ಸಾಕು, ಇಡೀ ಊರೇ ಡ್ರೈವಿಂಗ್ ಮಾಸ್ಟರ್ ಆಗಿಬಿಡುತ್ತದೆ. ಪಾರ್ಕಿಗೆ ಕಾಂಪೌಂಡಾದರೂ ಇತ್ತು. ಬಿದ್ದರೆ ನೋಡುವವರು ಕಡಿಮೆ.

ನನಗೆ ಗಾಡಿ ಶೋಕಿಗೆ ಬೇಕಾಗಿರಲಿಲ್ಲ. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತು ಕೂತು ಬೇಸತ್ತಿದ್ದೆ. ಕೊನೆಗೆ ಊರಿನಲ್ಲೇ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಕೊರಟಗೆರೆ ಕಡೆಯ ಹಳ್ಳಿಗಳಿಗೆ ಹೋಗಿ, ಓಡಾಡಲಾಗದ ಮುದುಕರ ಮನೆಯಲ್ಲೇ ರಕ್ತ ತೆಗೆದು ತರಬೇಕು. ಸೂಜಿ ಚುಚ್ಚುವುದರಲ್ಲಿ ನನ್ನ ಕೈ ಹಗುರ, ಅದು ನನ್ನ ಹೆಮ್ಮೆ. ಆದರೆ ಲ್ಯಾಬಿನ ಯಜಮಾನರು ಒಂದೇ ಮಾತು ಹೇಳಿಬಿಟ್ಟಿದ್ದರು. “ಒಂದನೇ ತಾರೀಕಿಗೆ ಡಿಎಲ್ ತಂದ್ರೆ ಕೆಲ್ಸ ನಿಂದು. ಇಲ್ಲಾಂದ್ರೆ ಬೇರೆಯೋರ್ನ ನೋಡ್ಕಂತೀನಿ ಕಣಮ್ಮ.”

ಅಪ್ಪನದು ಸೊಪ್ಪಿನ ವ್ಯಾಪಾರ. ಅವರು ಮಾರ್ಕೆಟ್ಟಿಗೆ ಹೋಗಿ ಬಂದ ಮೇಲೆ, ಬೀದಿ ಸುತ್ತಲು ಹೊರಡುವ ತನಕ ಅವರ ಮೊಪೆಡ್ಡು ಖಾಲಿ. “ತಗಂಡೋಗು, ಬ್ಯಾಡ ಅನ್ನಕಿಲ್ಲ. ಲೈಸೆನ್ಸ್ ಬರೋಗಂಟ ರೋಡಲ್ಲಿ ಓಡಿಸ್ದೆ ಅಂದ್ರೆ ಮಾತ್ರ ಗಾಡಿ ಮುಟ್ಟಂಗಿಲ್ಲ” ಎಂದರು. ಹಾಗಾಗಿ ಮನೆಯಿಂದ ಪಾರ್ಕಿನವರೆಗೆ ಕೊತ್ತಂಬರಿ ವಾಸನೆಯ ಆ ಗಾಡಿಯನ್ನು ನೂಕಿಕೊಂಡೇ ಹೋಗುತ್ತಿದ್ದೆ. ಹಿಂದಿನಿಂದ ತಳ್ಳಲು ನನ್ನ ಗೆಳತಿ. ಅವಳು ಶಿರಾದವಳು, ಮನೆಮಾತು ಉರ್ದು, ನಮ್ಮ ಬೀದಿಯಲ್ಲಿ ರೂಮು ಮಾಡಿಕೊಂಡು ಬಿ.ಎಡ್ ಓದುತ್ತಿದ್ದಳು. ಅವಳಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ, ಕಲಿಸಲು ಮಾತ್ರ ಬರುತ್ತಿತ್ತು.

ಪಾರ್ಕಿನ ನಟ್ಟನಡುವೆ ಒಂದು ಅರಳಿಕಟ್ಟೆ, ಅದರ ಮೇಲೆ ಕುಂಕುಮ ಮೆತ್ತಿದ ನಾಗರಕಲ್ಲುಗಳು. ಪಾರ್ಕು ಮೊನ್ನೆ ಮೊನ್ನೆಯದು, ಕಟ್ಟೆ ನಮ್ಮಜ್ಜನ ಅಜ್ಜನಿಗಿಂತ ಹಳೆಯದು. ಕಟ್ಟೆಯ ಸುತ್ತ ಹಾಕಿರುವ ಸಿಮೆಂಟಿನ ದಾರಿಯೊಂದೇ ಗಾಡಿ ತಿರುಗಿಸುವಷ್ಟು ಅಗಲ. ಮಿಕ್ಕದ್ದೆಲ್ಲ ಗಿಡ, ಬೆಂಚು, ತಂತಿಬೇಲಿ.

ಮೊದಲ ದಿನ ನಾನು ತಲೆಬುಡ ಗೊತ್ತಿಲ್ಲದೆ ಕಟ್ಟೆಯನ್ನು ಎಡಕ್ಕೆ ಸುತ್ತುತ್ತಿದ್ದೆ. ಎದುರಿಗೆ ಒಬ್ಬ ಅಜ್ಜಿ ಬರಿಗಾಲಲ್ಲಿ ಪ್ರದಕ್ಷಿಣೆ ಬರುತ್ತಿದ್ದವರು ಎರಡೂ ಕೈ ಚಾಚಿ ನಿಂತುಬಿಟ್ಟರು.

“ನಿಲ್ಸೇ! ದೇವುಡಾ, ಏನ್ ಹುಡ್ಗೀನೇ ನೀನು! ಅಪ್ರದಕ್ಷಿಣೆ ಬರ್ತೀಯಲ್ಲೇ!”

ಗಾಡಿ ತಂದದ್ದಕ್ಕೆ ಬಯ್ಯುತ್ತಾರೆಂದು ನಾನು ಕಾದೆ. ಅದರ ಮಾತೇ ಇಲ್ಲ.

“ಬಂಡಿ ಓಡ್ಸು, ನಂಗೇನು? ದೇವ್ರನ್ನ ಬಲಕ್ಕಿಕ್ಕಂಡು ಓಡ್ಸು.”

ಇಡೀ ಪಾರ್ಕಿನಲ್ಲಿ ನಮಗೆ ಓಡಿಸು ಎಂದವರು ಅವರೊಬ್ಬರೇ. ಅಂಥವರ ಮಾತು ಮೀರುವುದುಂಟೆ? ಅಂದಿನಿಂದ ಅವರು ಮುಂದೆ, ನಾವು ಹಿಂದೆ, ಎಲ್ಲರೂ ಬಲಕ್ಕೆ.

ಅಜ್ಜಿ ಪಾವಗಡದ ವಳ್ಳೂರಿನ ಕಡೆಯವರು. ಹೊಲ ಸೋಲಾರಿಗೆ ಕೊಟ್ಟ ಮೇಲೆ ಮಗಳ ಮನೆಗೆ ಬಂದಿದ್ದರು. “ಹೊಲದಾಗೆ ಈಗ ಗಾಜು ಬೆಳೀತೈತೆ. ಕೈಗೆ ಕೆಲ್ಸ ಇಲ್ಲ, ಕಾಲಿಗಾದ್ರೂ ಇರ್ಲಿ” ಎನ್ನುತ್ತಿದ್ದರು. ನಡೆಯುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಮಗಳಿಗೆ ಮದುವೆಯಾಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಒಂದು ಮಂಡಲ ತಪ್ಪದೆ ಈ ಕಟ್ಟೆ ಸುತ್ತುತ್ತೇನೆಂದು ಹರಕೆ ಹೊತ್ತಿದ್ದರು. ಸುತ್ತಿಗೊಂದು ಹುಣಸೆಬೀಜವನ್ನು ಸೆರಗಿನ ಗಂಟಿನಿಂದ ತೆಗೆದು ಕಟ್ಟೆಯ ಬುಡಕ್ಕೆ ಎಸೆಯುತ್ತಿದ್ದರು.

ಕೆಲವು ವಾರಗಳಲ್ಲಿ ನಾನು ಗಾಳಿಯ ಹಾಗೆ ಓಡಿಸುತ್ತಿದ್ದೆ, ಅಥವಾ ಹಾಗಂದುಕೊಂಡಿದ್ದೆ. ಲೈಸೆನ್ಸಿನ ಪರೀಕ್ಷೆಯ ದಿನ ಮೈದಾನದಲ್ಲಿ ಇಂಗ್ಲಿಷ್ ಎಂಟು ಬರೆದಿದ್ದರು. ಕಾಲು ನೆಲಕ್ಕೆ ತಾಗಿಸದೆ ಅದರ ಮೇಲೆ ಗಾಡಿ ಓಡಿಸಬೇಕು. ಮೊದಲ ಸೊನ್ನೆ ಬಲಕ್ಕೆ, ಬೆಣ್ಣೆಯಂತೆ ಹೋಯಿತು. ಎರಡನೆಯದು ಎಡಕ್ಕೆ. ಹ್ಯಾಂಡಲ್ ತಿರುಗಿಸಿದೆ, ಮೈ ಮಾತ್ರ ಬಲಕ್ಕೇ ವಾಲಿತು. ಗಾಡಿ ಒಂದು ಕಡೆ, ನಾನು ಒಂದು ಕಡೆ.

ಪರೀಕ್ಷೆ ಮಾಡುತ್ತಿದ್ದ ಸಾಹೇಬರು ಒಳ್ಳೆಯವರು, ಬೀಳುತ್ತಲೇ ನೀರು ತರಿಸಿಕೊಟ್ಟರು. “ಇದೇನಮ್ಮ, ಬಲಗಡೆಗೆ ಬೆಣ್ಣೆ, ಎಡಗಡೆಗೆ ಸುಣ್ಣ? ಮುಂದಿನ ವಾರ ಬಾ” ಎಂದರು. ಮುಂದಿನ ವಾರವೆಂದರೆ ಒಂದನೇ ತಾರೀಖಿನ ಹಿಂದಿನ ದಿನ. ಆ ಸಲವೂ ಬಿದ್ದರೆ ಕೆಲಸ ಬೇರೆಯವರದು.

ಗಾಡಿ ನೂಕುತ್ತಾ ವಾಪಸು ಬರುವಾಗ ಗೆಳತಿ ಹೇಳಿದಳು, “ಅರೆ, ನಿಂಗೆ ಎಡಗಡೆ ಅನ್ನೋದೇ ಇಲ್ವಲ್ಲೇ! ಅಜ್ಜಿ ತಡೆದ ಮೇಲೆ ಒಂದಿನಾನಾದ್ರೂ ಎಡಕ್ಕೆ ತಿರುಗಿಸಿದ್ದೀಯಾ?”

ಇರಲಿಲ್ಲ.

ಮರುದಿನ ನನ್ನ ಸಿಟ್ಟು ನೆತ್ತಿಗೇರಿತ್ತು. ನೇರವಾಗಿ ಅಜ್ಜಿಯ ಮುಂದೆ ಹೋಗಿ, “ನಿಮ್ ದೇವ್ರಿಂದ ನನ್ ಕೆಲ್ಸ ಹೋಗೋ ಹಂಗಾಯ್ತು ಅಜ್ಜಿ” ಎಂದುಬಿಟ್ಟೆ. ಎಂಟನ್ನು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದೆ. ಅಜ್ಜಿ ಅದನ್ನೇ ನೋಡುತ್ತಾ ಕಟ್ಟೆಯ ಮೇಲೆ ಕೂತರು. ಅವರು ನಡಿಗೆಯ ಮಧ್ಯೆ ಕೂತದ್ದನ್ನು ನಾನು ನೋಡಿರಲಿಲ್ಲ.

“ಎಡಕ್ಕೆ ಸುತ್ತಿದ್ರೆ ಮಾಡಿದ್ದೆಲ್ಲ ಬಿಚ್ಕಂಡೋಯ್ತದೆ ಕಣಮ್ಮ. ನನ್ ಮಗಳಿಗಾಗಿ ಸುತ್ತಿರೋದು” ಎಂದರು ಮೆತ್ತಗೆ.

ನಾನು ಗೀಚಿದ ಎಂಟನ್ನು ಕಾಲಿನಿಂದ ಅಳಿಸಿದೆ. ಆಗ ಗೆಳತಿ ಹಿಂಜರಿಯುತ್ತಾ ಹೇಳಿದಳು, “ಅಜ್ಜಿ, ನಮ್ ನಾನಿ ಹಜ್‌ಗೆ ಹೋಗಿದ್ರು. ಅಲ್ಲಿ ಎಲ್ರೂ ಎಡಕ್ಕೇ ಸುತ್ತೋದಂತೆ. ಲಕ್ಷಗಟ್ಲೆ ಜನ.”

“ಎಡಕ್ಕಾ?”

“ಹ್ಞೂಂ. ದೇವರ ಮನೇನ ಎಡಕ್ಕಿಟ್ಕೊಂಡು.”

ಅಜ್ಜಿ ಎದ್ದು ಮನೆಗೆ ಹೋದರು. ಬೇಜಾರು ಮಾಡಿಬಿಟ್ಟೆವೆಂದು ನಾವಿಬ್ಬರೂ ಆ ದಿನ ಗಾಡಿ ಸ್ಟಾರ್ಟ್ ಕೂಡ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ನಮಗಿಂತ ಮೊದಲೇ ಬಂದಿದ್ದರು, ಕೈಯಲ್ಲೊಂದು ಹಾಲಿನ ಪುಡಿಯ ಖಾಲಿ ಡಬ್ಬಿ, ಮಡಿಲ ತುಂಬ ಹುಣಸೆಬೀಜ.

“ಎಡಕ್ಕೆ ಸುತ್ತೋರ್ನೆಲ್ಲ ಆ ದೇವ್ರು ಒದ್ದು ಓಡ್ಸಿಲ್ಲ ಅಂದ್ರೆ, ನಮ್ದೂ ಓಡ್ಸಾಕಿಲ್ಲ. ಆದ್ರೂ ಈ ಮರಕ್ಕೆ ಬಲ ಅಭ್ಯಾಸ ಆಗೈತೆ. ನೀನು ಎಡಕ್ಕೆ ಓಡ್ಸು. ಒಂದೊಂದ್ ಸುತ್ತಿಗೂ ಒಂದ್ ಬೀಜ ಡಬ್ಬಿಗೆ ಬೀಳ್ಲಿ. ಅಷ್ಟೂ ನಾನು ಬಲಕ್ಕೆ ನಡ್ದು ಸರಿ ಮಾಡ್ತೀನಿ.”

“ನೀವ್ಯಾಕೆ? ನಾನೇ ಆಮೇಲೆ ಗಾಡೀಲಿ ಬಲಕ್ಕೆ ಸುತ್ತಿಬಿಡ್ತೀನಿ” ಎಂದೆ.

“ಪಾಪಕ್ಕೆ ಪೆಟ್ರೋಲು ನಡೀತದೆ. ಪುಣ್ಯಕ್ಕೆ ನಡಿಯಾಕಿಲ್ಲ.”

ಗೆಳತಿ ಡಬ್ಬಿ ಹಿಡಿದು ಕೂತಳು. ನಾನು ಎಡಕ್ಕೆ, ಅಜ್ಜಿ ಬಲಕ್ಕೆ. ಪ್ರತಿ ಸುತ್ತಿನಲ್ಲೂ ಎದುರುಬದುರಾಗುತ್ತಿದ್ದೆವು. “ಕಣ್ಣು ಮುಂದಿಕ್ಕು! ಕೆಳಕ್ಯಾಕೆ ನೋಡ್ತೀಯ, ಕಾಸು ಬಿದ್ದೈತಾ?” ಎಂದು ಕೂಗಿಕೊಂಡೇ ಹೋಗುತ್ತಿದ್ದರು. ಡಬ್ಬಿಯಲ್ಲಿ ಬೀಜ ಬೀಳುವ ಸದ್ದು ಟಣ್ ಟಣ್ ಎಂದು ಶುರುವಾಗಿ, ವಾರದ ಕೊನೆಗೆ ಡಬ್ಬಿ ತುಂಬಿ ಸದ್ದೇ ಇಲ್ಲದಂತಾಯಿತು. ನನಗೆ ಎಂಟಿನದೇ ಚಿಂತೆ. ಡಬ್ಬಿಯ ಕಡೆ ನಾನು ನೋಡಲಿಲ್ಲ.

ಪರೀಕ್ಷೆಯಲ್ಲಿ ಬಲದ ಸೊನ್ನೆ ಮುಗಿದು ಎಡಕ್ಕೆ ತಿರುಗುವಾಗ ನೆಲ ನೋಡಲಿಲ್ಲ. ಅಜ್ಜಿ ಎದುರಿಗೆ ಬರುತ್ತಿದ್ದಾರೆ ಎಂದುಕೊಂಡು, ಅವರ ಮುಖ ಇರಬೇಕಾದ ಜಾಗವನ್ನೇ ನೋಡುತ್ತಾ ತಿರುಗಿದೆ. ಕಾಲು ಕೆಳಗೆ ಬರಲಿಲ್ಲ. ಸಾಹೇಬರು “ಈಗ ಎರಡೂ ಕಣ್ಣಿಗೂ ಬೆಣ್ಣೆ” ಎಂದು ನಕ್ಕು, ಪಾಸು ಮಾಡಿದರು. ಡಿಎಲ್ ಕಾರ್ಡು ಕೈಗೆ ಬರುವ ಮೊದಲೇ ಅದು ಫೋನಿನಲ್ಲಿ ಬಂತು. ಯಜಮಾನರು ಅದನ್ನು ನೋಡಿಯೇ ಒಪ್ಪಿಕೊಂಡರು.

ಅಂದು ಸಂಜೆ ಒಂದು ಡಬ್ಬಿ ಮೈಸೂರುಪಾಕು ತೆಗೆದುಕೊಂಡು ಹೋಗಿ ಅಜ್ಜಿಗೆ ಕೊಟ್ಟೆ. ಆಮೇಲೆ ಕೆಲಸ ಶುರುವಾಯಿತು, ರಕ್ತ ಬೆಳಗಿನ ಖಾಲಿ ಹೊಟ್ಟೆಯಲ್ಲೇ ತೆಗೆಯಬೇಕು, ಪಾರ್ಕಿನ ಕಡೆ ಹಾಯಲು ಆಗಲಿಲ್ಲ. ಲ್ಯಾಬಿನ ಗಾಡಿಗೆ ಐಸ್ ಪೆಟ್ಟಿಗೆ ಕಟ್ಟಿಕೊಂಡು, ಎಡಕ್ಕೂ ಬಲಕ್ಕೂ ತಿರುಗುತ್ತಾ, ನಾನು ಮಹಾರಾಣಿಯ ಹಾಗೆ ಓಡಾಡುತ್ತಿದ್ದೆ.

ಒಂದು ರಜೆಯ ದಿನ ಅಪ್ಪನ ಮೊಪೆಡ್ಡಿನಲ್ಲಿ ಪಾರ್ಕಿನ ಮುಂದೆ ಹೋಗುವಾಗ ಗೇಟಿನ ಹತ್ತಿರ ಅಜ್ಜಿಯ ಮಗಳು ನೀರಿನ ಬಾಟಲಿ ಹಿಡಿದು ನಿಂತಿದ್ದರು. ಅವರು ಹೈಸ್ಕೂಲು ಮೇಡಂ, ಮುಖಪರಿಚಯವಿತ್ತು. ಗಾಡಿ ನಿಲ್ಲಿಸಿ, “ಅಜ್ಜಿ ಹರಕೆ ಮುಗೀತಾ?” ಎಂದು ಕೇಳಿದೆ.

“ಎಲ್ಲಿ ಮುಗೀತು? ಶುರುವೇ ಆಗಿಲ್ಲ” ಎಂದರು. “ಯಾವುದೋ ಹುಡುಗಿ ಎಡಕ್ಕೆ ಸುತ್ತಿದ್ದನ್ನ ಸರಿ ಮಾಡೋಕೆ ಹೋಗಿ ಅರ್ಧಕ್ಕೆ ನಿಂತು ಹೋಯ್ತಲ್ಲ, ಮತ್ತೆ ಮೊದಲಿಂದ ಮಾಡಬೇಕಂತೆ. ಅದಕ್ಕೂ ಮುಂಚೆ ಆ ಹುಡುಗಿಯ ಬೀಜ ಮುಗೀಬೇಕಂತೆ. ಕಾಲು ಊದಿಕೊಂಡಿದೆ, ಹೇಳಿದ್ರೆ ಕೇಳಲ್ಲ. ನನಗೆ ಹರಕೆ ಮೇಲೆ ಅಂಥ ನಂಬಿಕೆ ಏನಿಲ್ಲಮ್ಮ. ಅಮ್ಮನಿಗಿದೆಯಲ್ಲ.”

‘ಆ ಹುಡುಗಿ’ ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ.

ನಾನು ಓಡಿಸಿದ್ದು ಒಂದೇ ವಾರ, ಅದೂ ಕೂತುಕೊಂಡು. ಗಾಡಿಗೆ ಕಾಲು ನೋಯುವುದಿಲ್ಲ. ನನ್ನ ಒಂದು ಬೆಳಗಿನ ಎಡಸುತ್ತನ್ನು ಮುಗಿಸಲು ಅವರು ಎಷ್ಟೋ ಬೆಳಗು ನಡೆಯಬೇಕು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅವರಿಗೆ ಮೊದಲ ದಿನವೇ ಹೊಳೆದಿರಬೇಕು. ಹೊಳೆದೂ ಬೀಜ ತಂದಿದ್ದರು.

ಗಾಡಿಯನ್ನು ಬೋರ್ಡಿನ ಪಕ್ಕ, ಗೇಟಿನ ಹೊರಗೆ ನಿಲ್ಲಿಸಿದೆ. ಡಬ್ಬಿ ಕಟ್ಟೆಯ ಮೇಲೆ ನಾಗರಕಲ್ಲಿನ ಪಕ್ಕದಲ್ಲಿತ್ತು, ಇನ್ನೂ ಅರ್ಧಕ್ಕಿಂತ ಮೇಲೆ. ಅಜ್ಜಿ ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ನಿಧಾನವಾಗಿ ಬರುತ್ತಿದ್ದರು. ನಾನು ಡಬ್ಬಿಗೆ ಕೈ ಹಾಕಿ ಮುಷ್ಟಿ ತುಂಬ ಬೀಜ ತೆಗೆದುಕೊಂಡೆ.

“ಏಮ್ಮಾ, ಅದನ್ಯಾಕೆ ಮುಟ್ತೀಯ?”

“ಇವು ನನ್ವು ಅಜ್ಜಿ. ನಾಳೆಯಿಂದ ನೀವು ನಿಮ್ ಮಗಳ ಮಂಡಲ ಶುರು ಮಾಡಿ. ಇವನ್ನ ನಾನು ಮುಗಿಸ್ತೀನಿ. ದಿನಾ ಡ್ಯೂಟಿಗೆ ಮುಂಚೆ ಬರ್ತೀನಿ.”

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬಂಡೀಲಿ ಆಗಾಕಿಲ್ಲ” ಎಂದರು.

“ಗಾಡಿ ಹೊರಗೈತೆ.”

“ಚಪ್ಲಿ?”

ನಾನು ಬರಿಗಾಲು ತೋರಿಸಿದೆ. ಅಷ್ಟರಲ್ಲಿ ಗೇಟಿನಿಂದ ಅವರ ಮಗಳೂ ಬಂದು, ಬಾಟಲಿ ಕಟ್ಟೆಯ ಮೇಲಿಟ್ಟು, ಚಪ್ಪಲಿ ಬಿಡತೊಡಗಿದ್ದರು.