ಅವ್ವ ತುಂಬಿಸಿದ ಸ್ಟೇಡಿಯಂ

ಧಾರವಾಡದಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿದ ನನ್ನ ಅವ್ವನಿಗೆ ಫುಟ್‌ಬಾಲಿನ ಹುಚ್ಚು ಹಿಡಿದದ್ದು ಕೆನಡಾದ ಬರ್ಲಿಂಗ್ಟನ್ನಿನ ನಮ್ಮ ಮನೆಗೆ ಬಂದ ಮೇಲೆ. ಕಾಲಿನಿಂದ ಒದೆಯುವ ಫುಟ್‌ಬಾಲಲ್ಲ. ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಇಲ್ಲಿಯ ಆಟ. ನಾನೂ ನನ್ನ ಗಂಡನೂ ಕೆಲಸಕ್ಕೆ ಹೋದಾಗ ಟಿವಿಯಲ್ಲಿ ಹಳೆಯ ಪಂದ್ಯಗಳನ್ನು ನೋಡಿ ನೋಡಿ ತಾನೇ ಕಲಿತುಬಿಟ್ಟಿದ್ದಳು.

"ಮೂರು ಸಲದಾಗ ಹತ್ತು ಗಜ ಮುಂದ ಹೋಗಬೇಕು, ಇಲ್ಲಾಂದ್ರ ಚೆಂಡು ಅವರ ಕೈಗೆ. ಇಷ್ಟ ಸರಳ ಅದ, ನಿಮಗ್ಯಾಕ ತಿಳೀವಲ್ದು?" ಎಂದು ನಮಗೇ ಪಾಠ ಹೇಳುತ್ತಿದ್ದಳು.

ಜುಲೈ ತಿಂಗಳ ಒಂದು ಶನಿವಾರ ಚುರುಮರಿ ಕಲಸಿಕೊಂಡು ಟಿವಿ ಮುಂದೆ ಕೂತಳು. ಅಂದು ನಮ್ಮ ಕಡೆಯ ತಂಡದ ಆಟ. ಸ್ಟೇಡಿಯಂ ಮನೆಯಿಂದ ಕಾರಿನಲ್ಲಿ ಕಾಲು ಗಂಟೆ. ಆದರೆ ಆಟ ಬರಬೇಕಾದ ಚಾನೆಲ್ಲಿನಲ್ಲಿ ಯಾರೋ ದೋಣಿಯಲ್ಲಿ ಕೂತು ಮೀನು ಹಿಡಿಯುತ್ತಿದ್ದರು.

"ಬ್ಲ್ಯಾಕೌಟ್ ಮಾಡ್ಯಾರ ಅತ್ತಿ," ಎಂದ ನನ್ನ ಗಂಡ. "ಟಿಕೆಟ್ ಎಲ್ಲಾ ಸೇಲ್ ಆಗಿಲ್ಲಂದ್ರ ಸುತ್ತಮುತ್ತ ಊರಿನವರಿಗೆ ಟಿವಿಯಾಗ ತೋರಸಂಗಿಲ್ಲ. ಮನ್ಯಾಗ ಕೂತು ನೋಡಬ್ಯಾಡ್ರಿ, ಇಲ್ಲಿಗೇ ಬರ್ರಿ ಅಂತ."

"ಮತ್ತ ಅಷ್ಟು ದೂರದ ಕ್ಯಾಲ್ಗರಿಯವರಿಗೆ?"

"ಅವರಿಗೆ ಕಾಣ್ತದ."

ಅವ್ವ ಚುರುಮರಿ ತಟ್ಟೆ ಕೆಳಗಿಟ್ಟಳು. "ಈ ಮಂಡಿ ಇಟ್ಟುಕೊಂಡು ನಾ ಆ ಮೆಟ್ಲಾ ಹತ್ಲೇನು? ಯಾರೋ ಬರಲಿಲ್ಲಂತ ನನಗ್ಯಾಕ ಶಿಕ್ಷಾ?"

ಅಂದು ರೇಡಿಯೋದಲ್ಲಿ ಕಾಮೆಂಟರಿ ಕೇಳಿದಳು. ಅದರ ವೇಗಕ್ಕೆ ಅರ್ಧವೂ ತಿಳಿಯಲಿಲ್ಲ. ಮರುದಿನ ಕನ್ನಡ ಕೂಟದ ಫೋನ್ ಪಟ್ಟಿ ಕೇಳಿ ಇಸಿದುಕೊಂಡಳು. ಹಬ್ಬದ ಅಡುಗೆಯ ಮಾತಿರಬೇಕು ಅಂದುಕೊಂಡೆ. ಅಡುಗೆಮನೆಯಿಂದ ಕೇಳಿಸಿದ್ದು ಬೇರೆ: "ಸೆಪ್ಟೆಂಬರಿಂದು ದೊಡ್ಡ ಮ್ಯಾಚ್. ನೀವು ಹೋಗಿ ಕುಂತ್ರ ನನಗ ಮನ್ಯಾಗ ಕಾಣ್ತದ. ಇಷ್ಟು ಉಪಕಾರ ಮಾಡ್ರಿ."

ನನಗೆ ನಾಚಿಕೆಯಾಯಿತು. ಆದರೆ ಜನ ಒಪ್ಪಿದರು! ವುಡ್‌ಬ್ರಿಡ್ಜಿನ ಹುಬ್ಬಳ್ಳಿ ಕಡೆಯವರು ಪೂರಾ ಕುಟುಂಬ ಸಮೇತ ಬರುತ್ತೇವೆಂದರು. ಎಟೋಬಿಕೋಕಿನ ನಿವೃತ್ತ ಡಾಕ್ಟರೊಬ್ಬರು, ಮೈಸೂರು ಕಡೆಯವರು, ಫೋನಿನಲ್ಲೇ ಜೋರಾಗಿ ನಕ್ಕರು. "ನಲವತ್ತು ವರ್ಷದಿಂದ ಇಲ್ಲಿದ್ದೀನಮ್ಮಾ, ಒಂದು ಮ್ಯಾಚಿಗೂ ಹೋಗಿಲ್ಲ. ನಿಮ್ಮ ಟಿವಿಗೋಸ್ಕರ ಹೋಗ್ತೀನಿ."

ಕೊನೆಗೆ ನಾವು ಇಪ್ಪತ್ತಾರು ಜನರಾದೆವು. ಇಪ್ಪತ್ತಾರು ಜನರಿಂದ ಸ್ಟೇಡಿಯಂ ತುಂಬುವುದಿಲ್ಲವೆಂದು ಗಣಿತದ ಟೀಚರಿಗೆ ನಾನು ಹೇಳಬೇಕಿರಲಿಲ್ಲ. ಅದು ಪ್ರತಿ ವರ್ಷವೂ ಜನ ಸೇರುವ ಪಂದ್ಯ. ಉಳಿದ ಟಿಕೆಟ್‌ಗಳನ್ನು ಯಾವುದೋ ಕಂಪನಿ ಕೊಂಡು ತನ್ನ ಕೆಲಸಗಾರರಿಗೆ ಹಂಚಿತಂತೆ. ಆಟದ ಹಿಂದಿನ ದಿನ ಬ್ಲ್ಯಾಕೌಟ್ ಇಲ್ಲವೆಂದು ರೇಡಿಯೋದಲ್ಲಿ ಹೇಳಿದಾಗ ಅವ್ವ ಮಾತ್ರ ಎಲ್ಲರಿಗೂ ಮತ್ತೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದಳು.

ಮರುದಿನ ಅವ್ವ ಸೋಫಾದ ಮೇಲೆ ಕಾಲು ಚಾಚಿಕೊಂಡಳು. ನಾವು ಕಾಂಕ್ರೀಟಿನ ಮೆಟ್ಟಿಲು ಹತ್ತಿ, ಚಪಾತಿ ರೋಲ್ ತಿನ್ನುತ್ತಾ, ಏನೂ ಅರ್ಥವಾಗದೆ, ಪಕ್ಕದವರು ಎದ್ದಾಗ ಎದ್ದು ಕೂಗಿದೆವು. ಮೂರನೇ ಕ್ವಾರ್ಟರಿನ ಹೊತ್ತಿಗೆ ನಮ್ಮ ತಂಡ ಹೀನಾಯವಾಗಿ ಸೋಲುತ್ತಿತ್ತು, ಮೇಲೆ ತುಂತುರು ಮಳೆ ಬೇರೆ. ಸಾಕೆಂದು ಹೊರಟೆವು. ಡಾಕ್ಟರು ಮಾತ್ರ ಏಳಲಿಲ್ಲ. "ನೀವು ನಡೀರಿ. ಜನ ಕರಗಲಿ, ಆಮೇಲೆ ನಿಧಾನಕ್ಕೆ ಇಳೀತೀನಿ," ಎಂದರು.

ಕಾರು ಹೈವೇ ಸೇರುವ ಮುಂಚೆಯೇ ಅವ್ವನ ಫೋನು.

"ಎಲ್ಲಿದ್ದೀರಿ?"

"ಮನಿಗೆ ಬರಾಕತ್ತೀವಿ ಅವ್ವಾ."

"ಅಯ್ಯ ನಿನ್ನ! ನಮ್ಮವರ್ದು ಎರಡು ಟಚ್‌ಡೌನ್ ಆದ್ವು. ಈಗ ಗೆಲ್ಲಾಕತ್ತಾರ. ಡಾಕ್ಟ್ರು ಟಿವಿಯಾಗ ಕಂಡ್ರು, ಟೋಪಿ ತೆಗದು ಬೀಸಾಕತ್ತಿದ್ರು. ಅವರಿಗಿದ್ದ ತಿಳುವಳಿಕಿ ನಿಮಗಿಲ್ಲ."

ನನ್ನ ಗಂಡ ವೈಪರ್ ಜೋರು ಮಾಡಿದ.

ಈಗ ಆ ನಿಯಮವಿಲ್ಲ, ಎಲ್ಲಾ ಆಟಗಳೂ ಟಿವಿಯಲ್ಲಿ ಬರುತ್ತವೆ. ಆದರೂ ಡಾಕ್ಟರು ಪ್ರತಿ ಸೀಸನ್ನಿಗೂ ಟಿಕೆಟ್ ಕೊಳ್ಳುತ್ತಾರೆ. ವಯಸ್ಸಿನಿಂದ ದೂರದ್ದು ಸರಿಯಾಗಿ ಕಾಣುವುದಿಲ್ಲ. ಹಾಫ್‌ಟೈಮಿನಲ್ಲಿ ಸ್ಟೇಡಿಯಮ್ಮಿನಿಂದಲೇ ಫೋನ್ ಮಾಡಿ, "ಅಮ್ಮಾ, ಈಗ ಏನಾಯ್ತು ಸ್ವಲ್ಪ ಹೇಳಿ," ಎನ್ನುತ್ತಾರೆ. ಅವ್ವ ಟಿವಿಯ ಸದ್ದು ಕಡಿಮೆ ಮಾಡಿ ಆಟವನ್ನು ಮೊದಲಿನಿಂದ ಹೇಳಲು ಶುರು ಮಾಡುತ್ತಾಳೆ.