ಹಾಡದೇ ಗೆದ್ದ ಕವ್ವಾಲಿ

ನಮ್ಮ ಹೈಸ್ಕೂಲಿನ ಆಫೀಸು ಗೋಡೆಯ ಮೇಲೆ ಎಷ್ಟು ಸಂಘಗಳಿವೆ ಎಂದರೆ, ಓದಿದವರಿಗೆ ಇದು ಶಾಲೆಯೋ ವಿಶ್ವವಿದ್ಯಾಲಯವೋ ಎಂಬ ಅನುಮಾನ ಬರಬೇಕು. ಇಕೋ ಕ್ಲಬ್, ವಿಜ್ಞಾನ ಸಂಘ, ಗ್ರಾಹಕರ ಕ್ಲಬ್, ಓದುಗರ ಬಳಗ, ಸಾಂಸ್ಕೃತಿಕ ಸಂಘ. ಪ್ರತಿಯೊಂದರ ಮುಂದೆಯೂ ಒಬ್ಬ ಸಂಚಾಲಕರ ಹೆಸರು, ನೀಲಿ ಬಣ್ಣದಲ್ಲಿ. ಓದುಗರ ಬಳಗದ ಮುಂದೆ ನನ್ನದೇ ಹೆಸರಿದೆ, ನಾನು ಕನ್ನಡ ಕಲಿಸುವವಳು. ಪುಸ್ತಕದ ಕಪಾಟಿನ ಕೀಲಿ ಮಾತ್ರ ಹೆಡ್ ಮಾಸ್ತರರ ಜೇಬಿನಲ್ಲಿ. ಮೇಲಿನಿಂದ ಫೋಟೋ ಕೇಳಿದಾಗ ಅದೇ ಮಕ್ಕಳನ್ನು ಅದೇ ಬೇವಿನ ಮರದ ಕೆಳಗೆ ನಿಲ್ಲಿಸಿ, ಬ್ಯಾನರು ಮಾತ್ರ ಬದಲಿಸುತ್ತೇವೆ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಆ ಗೋಡೆ ಬಿಟ್ಟು ಕೆಳಗಿಳಿದ ಸಂಘ ಒಂದೇ. ಅದು ವಿಠೋಬಾ ಸರ್ ಅವರ ಸಾಂಸ್ಕೃತಿಕ ಸಂಘ.

ವಿಠೋಬಾ ಸರ್ ಗಣಿತದವರು. ಸುಲೇಪೇಟದಿಂದ ದಿನಾ ಹಳೇ ಬೈಕಿನ ಮೇಲೆ ಬರುತ್ತಾರೆ. ಹುಟ್ಟಿದ್ದು ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆಯುವವರ ಓಣಿಯಲ್ಲಿ. ಅವರ ಮನೆಯೆದುರು ಮಜೀದಸಾಬ ಎನ್ನುವವರ ಕವ್ವಾಲಿ ಪಾರ್ಟಿ ಇತ್ತಂತೆ. ಚಪ್ಪಾಳೆ ಹೊಡೆಯುವವರು ಕಡಿಮೆ ಬಿದ್ದರೆ ಪುಟ್ಟ ವಿಠೋಬಾನನ್ನು ಕರೆದು ಹಿಂದಿನ ಸಾಲಿನಲ್ಲಿ ಕೂರಿಸುತ್ತಿದ್ದರಂತೆ. ಅಲ್ಲಿ ಕಲಿತ ವಿದ್ಯೆ ಅವರನ್ನು ಬಿಟ್ಟೇ ಇಲ್ಲ. ಬೋರ್ಡಿನ ಮೇಲೆ ಲೆಕ್ಕ ಬರೆದು ಮಕ್ಕಳು ಬಿಡಿಸುವವರೆಗೂ ಅವರ ಬೆರಳುಗಳು ಮೇಜಿನ ಮೇಲೆ ತಾಳ ಹಾಕುತ್ತಿರುತ್ತವೆ.

ಸಾಂಸ್ಕೃತಿಕ ಸಂಘವನ್ನು ಅವರ ತಲೆಗೆ ಕಟ್ಟಿದಾಗ ಅವರು ಮಾಡಿದ ಮೊದಲ ಕೆಲಸ ಕವ್ವಾಲಿ ತಂಡ ಕಟ್ಟಿದ್ದು. ಸರಕಾರಿ ಶಾಲೆಗಳ ಪ್ರತಿಭಾ ಸ್ಪರ್ಧೆಯ ಪಟ್ಟಿಯಲ್ಲಿ ಕವ್ವಾಲಿಯೂ ಇರುತ್ತದೆ, ಆದರೆ ನಮ್ಮ ಕಡೆಯ ಕನ್ನಡ ಶಾಲೆಗಳು ಅದರ ತಂಟೆಗೆ ಹೋಗುವುದಿಲ್ಲ. ಮುಂದಿನ ಗಾಯಕಿಯಾಗಿ ಅವರು ಆರಿಸಿದ್ದು ಒಂಬತ್ತನೆಯ ತರಗತಿಯ ಲುಂಬಿನಿಯನ್ನು. ಅವಳ ತಾಯಿ ದ್ರೌಪದಿ ನಮ್ಮ ಶಾಲೆಯಲ್ಲೇ ಬಿಸಿಯೂಟ ಮಾಡುವವಳು. ಹುಡುಗಿಯ ದನಿ ಬಾವಿಯಿಂದ ಎದ್ದು ಬಂದಂತೆ ತುಂಬಿಕೊಂಡು ಬರುತ್ತಿತ್ತು. ಅವಳ ಬಗಲಿಗೆ ದನಿಗೂಡಿಸಲು ಎಂಟನೆಯ ತರಗತಿಯ ಪುಟ್ಟ ಶೈಸ್ತಾ, ಹಿಂದೆ ಸಾಯಿಕುಮಾರ, ತಾಹಿರ್ ಮತ್ತಿಬ್ಬರು. ಸಂಜೆ ಬಸ್ಸಿಗೆ ಓಡಬೇಕಲ್ಲ, ಹಾಗಾಗಿ ಊಟದ ಬಿಡುವಿನಲ್ಲೇ ತಾಲೀಮು. ಉರ್ದು ಸಾಲುಗಳನ್ನು ಕನ್ನಡದಲ್ಲಿ ಬರೆದುಕೊಂಡು, ಅಡುಗೆಮನೆಯ ಪಡಸಾಲೆಯ ಫರ್ಸಿ ಮೇಲೆ ಕೂತು, ಅಂಗೈ ಕೆಂಪಾಗುವಂತೆ ಚಪ್ಪಾಳೆ ಹೊಡೆದು ಕಲಿತರು.

ಕಳೆದ ವರ್ಷ ತಾಲೂಕು ಸ್ಪರ್ಧೆಗೆ ನಾನೂ ಹೋಗಿದ್ದೆ. ಬೆಳಿಗ್ಗೆಯಿಂದ ಮಕ್ಕಳು ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಕಾಯುತ್ತ ಕೂತರು. ಭಾವಗೀತೆ ಆಯಿತು, ಜಾನಪದ ನೃತ್ಯ ಆಯಿತು, ಊಟ ಆಯಿತು. ಕವ್ವಾಲಿ ಕಟ್ಟಕಡೆಗೆ. ಆ ಹೊತ್ತಿಗೆ ಮೈಕಿನವನು ವೈರು ಸುತ್ತುತ್ತಿದ್ದ. ತೀರ್ಪುಗಾರರು ಚೀಲ ಹೆಗಲಿಗೆ ಹಾಕಿಕೊಂಡೇ ಕೇಳಿದರು.

"ಕವ್ವಾಲಿಗಿ ಎಷ್ಟು ಟೀಂ ಅವ?"

"ನಮ್ದೊಂದೇ ಅದರಿ," ಎಂದರು ವಿಠೋಬಾ ಸರ್.

"ಒಂದೇ ಇದ್ರ ಮತ್ತೇನ್ ಹಾಡ್ಸೂದ್ರಿ? ಫಸ್ಟ್ ಬರ್ಕೊಂಡು ಹೋಗ್ರಿ."

"ಒಂದೀಟು ಕೇಳ್ರಿ ಸರ್. ಹುಡ್ರು ಮುಂಜಾನಿಂದ ಕುಂತಾವ."

"ಫಸ್ಟ್ ಕೊಟ್ಟೀವಲ್ರಿ. ಇನ್ನೇನ್ ಬೇಕು?"

ಹೀಗೆ ನಮ್ಮ ಮಕ್ಕಳು ಬಾಯಿ ಬಿಡದೆ ತಾಲೂಕಿಗೇ ಮೊದಲಿಗರಾದರು. ನನಗೆ ಆ ಮನುಷ್ಯನ ಚೀಲ ಕಿತ್ತು ಬಿಸಾಡುವಷ್ಟು ಸಿಟ್ಟು ಬಂದಿತ್ತು. ಹೆಡ್ ಮಾಸ್ತರ ಸಿದ್ಧಲಿಂಗ ಅವರಿಗೆ ಮಾತ್ರ ಹಿಗ್ಗೋ ಹಿಗ್ಗು. ಪ್ರಶಸ್ತಿಪತ್ರಕ್ಕೆ ಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆಯೇ ತೂಗುಹಾಕಿದರು.

ಆ ಫಸ್ಟಿನ ಬೆಲೆ ಗೊತ್ತಾಗಿದ್ದು ಕಲಬುರಗಿಯಲ್ಲಿ, ಜಿಲ್ಲಾ ಸ್ಪರ್ಧೆಯಲ್ಲಿ. ತುಂಬಿದ ಸಭಾಂಗಣ. ಅಡುಗೆಮನೆಯ ಪಡಸಾಲೆ ಬಿಟ್ಟು ಬೇರೆಲ್ಲೂ ಹಾಡದ ಮಕ್ಕಳು. ಮೈಕಿನಲ್ಲಿ ತನ್ನದೇ ದನಿ ಕೇಳಿ ಲುಂಬಿನಿ ಬೆದರಿದಳು. ಸ್ವರ ಏರಿಸಬೇಕಾದ ಸಾಲಿಗೆ ಬಂದಾಗ ದನಿ ಮೇಲೇರಲಿಲ್ಲ, ಮುಂದಿನ ಸಾಲು ಮರೆತೇಹೋಯಿತು. ಹಿಂದೆ ಕೂತವರು ಪಾಪ, ಬರೀ ಚಪ್ಪಾಳೆ ಹೊಡೆಯುತ್ತಲೇ ಇದ್ದರು.

"ಹಾಡಲಾರ್ದ ಫಸ್ಟ್ ಬಂದ್ಲು, ಹಾಡಿದ ಮ್ಯಾಲ ಮನಿಗಿ ಬಂದ್ಲು," ಎಂದಳು ದ್ರೌಪದಿ, ಅನ್ನದ ಬೋಗುಣಿ ತಿಕ್ಕುತ್ತ. ಆ ಮಾತು ವಿಠೋಬಾ ಸರ್ ಎದೆಗೆ ನಾಟಿತು.

ಈ ವರ್ಷ ಲುಂಬಿನಿ ಹತ್ತನೆಯ ತರಗತಿ. ಇನ್ನೊಂದು ಅವಕಾಶ, ಅದೇ ಕೊನೆಯದು. ಜೂನ್ ತಿಂಗಳಿನಿಂದಲೇ ವಿಠೋಬಾ ಸರ್ ರವಿವಾರ ರವಿವಾರ ಎಲ್ಲಿಗೋ ಹೋಗುತ್ತಿದ್ದಾರೆ ಎಂದು ಸುದ್ದಿ ಬಂತು. ಕೇಳಿದರೆ, ಪಕ್ಕದ ಊರಿನ ಉರ್ದು ಹೈಸ್ಕೂಲಿಗೆ. ಅಲ್ಲಿನ ಗುಲಾಮ ದಸ್ತಗೀರ ಸರ್ ಇವರ ಸ್ನೇಹಿತರು. ನೀವೂ ಒಂದು ಕವ್ವಾಲಿ ತಂಡ ತನ್ನಿ ಎಂದು ಇವರು ಗಂಟುಬಿದ್ದಿದ್ದಾರೆ. ಕಲಿಸುವವರು ಯಾರಿದ್ದಾರೆ ಎಂದು ಅವರು ಕೇಳಿದ್ದಕ್ಕೆ, ನಾನೇ ಬರುತ್ತೇನೆ ಎಂದುಬಿಟ್ಟಿದ್ದಾರೆ! ರುಕ್ಸಾರ್ ಎಂಬ ಹುಡುಗಿಯನ್ನು ಮುಂದೆ ಕೂರಿಸಿ, ನಮ್ಮ ಮಕ್ಕಳಿಗೆ ಕಲಿಸಿದ್ದನ್ನೆಲ್ಲ ಒಂದೂ ಬಿಡದೆ ಅವರಿಗೂ ಕಲಿಸುತ್ತಿದ್ದರು.

ನಾನು ನೇರವಾಗಿಯೇ ಕೇಳಿದೆ. "ಸರ್, ನಿಮಗ ತಲಿ ನೆಟ್ಟಗ ಅದ ಏನ್ರಿ? ಸುಮ್ಮ ಹೋದ್ರ ಫಸ್ಟ್ ಸಿಗ್ತದ. ನೀವು ಹೋಗಿ ಎದುರಾಳಿ ತಯಾರ ಮಾಡ್ಲಿಕತ್ತೀರಿ!"

"ಎದುರಿಗಿ ಒಬ್ರು ಇದ್ರನೇ ನಮ್ಮುವು ಹಾಡಿದ್ದು ಕೇಳ್ತಾರ್ರಿ ಶಿವಕಾಂತಮ್ಮ ಟೀಚರ್. ಇಲ್ಲಂದ್ರ ಮತ್ತ ಹೋದ್ವರ್ಷದ್ದೇ ಆಗ್ತದ."

"ಅವ್ರೇ ಗೆದ್ರ?"

ವಿಠೋಬಾ ಸರ್ ಬೆರಳಿಗಂಟಿದ ಸೀಮೆಸುಣ್ಣದ ಪುಡಿ ಒರೆಸಿಕೊಂಡು ತರಗತಿಗೆ ಹೋದರು.

ತಾಲೂಕು ಸ್ಪರ್ಧೆಯ ದಿನ ಕವ್ವಾಲಿ ಮತ್ತೆ ಕಟ್ಟಕಡೆಗೇ ಬಂತು. ಈ ಸಲ ಎರಡು ತಂಡ. ತೀರ್ಪುಗಾರರು ಗೊಣಗಿಕೊಂಡೇ ಕೂತರು. ಮೈಕಿನವನು ಸುತ್ತಿದ ವೈರನ್ನು ಮತ್ತೆ ಬಿಚ್ಚಿದ. ನಮ್ಮವರೇ ಮೊದಲು. ಲುಂಬಿನಿ ಕಣ್ಣು ಮುಚ್ಚಿ ಶುರು ಮಾಡಿದಳು. ಸ್ವರ ಏರುವ ಸಾಲು ಬಂದಾಗ ನಾನು ಸೆರಗು ಹಿಡಿದು ಕೂತಿದ್ದೆ. ಹುಡುಗಿ ಏರಿಸಿದಳು, ಮೇಲೆಯೇ ನಿಲ್ಲಿಸಿದಳು, ಮೆಲ್ಲಗೆ ಇಳಿಸಿದಳು. ಹೊರಗೆ ಚಹಾ ಕುಡಿಯುತ್ತಿದ್ದ ಟಂಟಂ ಆಟೋ ಡ್ರೈವರುಗಳು ಬಾಗಿಲಿಗೆ ಬಂದು ನಿಂತರು. ಕಳೆದ ವರ್ಷದ ಆ ಚೀಲದ ತೀರ್ಪುಗಾರ ಚೀಲ ಕೆಳಗಿಟ್ಟ. ನನಗೆ ಅಳು ಬಂತು, ಅತ್ತೆ.

ಆಮೇಲೆ ರುಕ್ಸಾರಳ ತಂಡ ಹಾಡಿತು. ಚೆನ್ನಾಗಿಯೇ ಹಾಡಿತು, ಸುಳ್ಳು ಯಾಕೆ ಹೇಳಲಿ. ಲುಂಬಿನಿಯ ದನಿ ದೊಡ್ಡದು, ಆದರೆ ರುಕ್ಸಾರ್ ಜನರ ಮುಖ ನೋಡಿ ನಗುತ್ತ ಹಾಡಿದಳು, ಉರ್ದು ಅವಳ ನಾಲಿಗೆಯ ಮೇಲಿನ ಭಾಷೆ. ಅವರಿಗೆ ಮೊದಲನೆಯದು, ನಮಗೆ ಎರಡನೆಯದು. ಜಿಲ್ಲೆಗೆ ಹೋಗುವುದು ಮೊದಲು ಬಂದವರು ಮಾತ್ರ.

ಟಂಟಂನಲ್ಲಿ ವಾಪಸು ಹೊರಟೆವು. ಊರು ಹತ್ತಿರ ಬಂದಾಗ ಲುಂಬಿನಿ ಕೇಳಿದಳು.

"ಸರ್, ನೀವು ಅವ್ರಿಗಿ ಕಲಸ್ಲಿಲ್ಲಂದ್ರ ನಾವು ಕಲಬುರಗಿಗಿ ಹೋಗ್ತಿದ್ವಿ ಹೌದಿಲ್ರಿ?"

"ಹೌದವ್ವ. ಹೋಗ್ತಿದ್ರಿ."

ಅವಳು ಆಚೆಗೆ ಮುಖ ತಿರುಗಿಸಿದಳು. ವಿಠೋಬಾ ಸರ್ ದಾರಿಯುದ್ದಕ್ಕೂ ತಮ್ಮ ಅಂಗೈಗಳನ್ನೇ ನೋಡುತ್ತ ಕೂತರು.

ಮರುದಿನ ಹೆಡ್ ಮಾಸ್ತರರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅವರನ್ನು ತರಾಟೆಗೆ ತೆಗೆದುಕೊಂಡರು. "ಸಂಬಳ ಇಲ್ಲಿ ತಗೋತೀರಿ, ಗೆಲ್ಲಸೂದು ಬ್ಯಾರೇ ಸಾಲಿಗಿ. ಇದ್ಯಾವ ಶ್ಯಾಣ್ಯಾತನ ರಿ ವಿಠೋಬಾ?" ಸರ್ ತಲೆ ತಗ್ಗಿಸಿ ನಿಂತಿದ್ದರು. ಅಷ್ಟರಲ್ಲಿ ಲುಂಬಿನಿ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ನಿನ್ನೆಯ ಪ್ರಶಸ್ತಿಪತ್ರ.

"ಸರ್, ನಿಮ್ಮ ಕುರ್ಚಿ ಹಿಂದಿಂದು ಇಳಸ್ರಿ. ಅಲ್ಲಿ ಇದನ್ನ ಹಾಕ್ರಿ."

"ಇದು ಸೆಕೆಂಡ್ ಅದಲ್ಲವ್ವ!"

"ಹೌದ್ರಿ. ಖರೇ ಅಂದ್ರ ಇದು ನಾವು ಹಾಡಿದ್ದು."

ಹೆಡ್ ಮಾಸ್ತರರು ನಕ್ಕರು. ಫಸ್ಟ್ ಇಳಿಸಿ ಸೆಕೆಂಡ್ ತೂಗುಹಾಕುವ ಹುಚ್ಚರು ಎಲ್ಲಾದರೂ ಇದ್ದಾರೆಯೇ ಎಂದು ನಮ್ಮೆಲ್ಲರ ಮುಖ ನೋಡಿ ಕೇಳಿದರು. ಇಳಿಸಲಿಲ್ಲ. ಹಾಡದೇ ಬಂದ ಆ ಫಸ್ಟ್ ಇವತ್ತಿಗೂ ಅಲ್ಲೇ ಇದೆ, ಗಾಜು ಒರೆಸಿಸಿಕೊಂಡು. ಹಾಡಿ ಬಂದದ್ದು ದ್ರೌಪದಿಯ ಮನೆಯಲ್ಲಿ, ಹಿಟ್ಟಿನ ಡಬ್ಬಿಯ ಮೇಲೆ ಇದೆ.

ಪಡಸಾಲೆಯಲ್ಲಿ ವಿಠೋಬಾ ಸರ್ ಹುಡುಗಿಯನ್ನು ತಡೆದು ನಿಲ್ಲಿಸಿದರು. ಅವರು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು.

"ರವಿವಾರ ಅಲ್ಲಿಗಿ ಹೋಗೂದು ಬಿಡಬ್ಯಾಡ್ರಿ ಸರ್. ಮುಂದಿನ್ವರ್ಷ ನಾ ಇರಂಗಿಲ್ಲ. ಶೈಸ್ತಾ ಮುಂದ ಕೂಡ್ತಾಳ, ಆಕಿ ಎದುರಿಗಿ ಯಾರರೆ ಬೇಕಲ್ರಿ."