ಹಸಿರು ದೀಪದ ಸಾಕ್ಷ್ಯ

ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠ: ಎದುರಿನವರು ಯಾವುದನ್ನು ಸಾಕ್ಷ್ಯ ಎನ್ನುತ್ತಾರೋ ಅದನ್ನೇ ಹಿಡಿದು ಜಗ್ಗು. ಶಿಕಾರಿಪುರದಲ್ಲಿ ನಾನೂ ನನ್ನ ಪಾರ್ಟ್ನರೂ ನಡೆಸುವ ಪುಟ್ಟ ವರ್ಕ್‌ಶಾಪಿನಲ್ಲಿ ಆ ಸಾಕ್ಷ್ಯ ಒಂದು ಹಸಿರು ದೀಪ.

ಪಂಪ್‌ಸೆಟ್ಟಿಗೆ ಕಂಟ್ರೋಲ್ ಬಾಕ್ಸ್ ಮಾಡುವುದು ನಮ್ಮ ಕೆಲಸ. ಒಳಗೆ ಬ್ಯಾಟರಿಯ ಮೇಲೆ ನಡೆಯುವ ಬೋರ್ಡು, ಪಕ್ಕದಲ್ಲಿ ಅದನ್ನು ಕಾಯುವ ಚಿಪ್ಪು. ಬೋರ್ಡು ಒಂದು ಪಿನ್ನಿನ ಮೂಲಕ ಚಿಪ್ಪಿಗೆ ಆಗಾಗ ಮಿಡಿತ ಕಳಿಸುತ್ತಿರಬೇಕು. ಮಿಡಿತ ನಿಂತರೆ ಬೋರ್ಡು ಹ್ಯಾಂಗ್ ಆಗಿದೆ ಎಂದು ಚಿಪ್ಪು ಅದನ್ನು ರೀಸ್ಟಾರ್ಟ್ ಮಾಡುತ್ತದೆ, ಮೋಟಾರು ಬಂದ್ ಆಗುತ್ತದೆ. ಯಾವ ಪಿನ್ನು, ಎಷ್ಟು ಹೊತ್ತು ಕಾಯಬೇಕು ಎಂಬುದೆಲ್ಲ ಕಾನ್ಫಿಗರೇಶನ್ ಫೈಲಿನಲ್ಲಿರುತ್ತದೆ. ಹಸಿರು ದೀಪವೂ ಅದೇ ಪಿನ್ನಿನದು, ಮಿಡಿತಕ್ಕೊಮ್ಮೆ ಮಿಣುಕುತ್ತದೆ.

ಆ ಫೈಲಿಗೆ ಪಾರ್ಟ್ನರ್ ಒಂದು ಸಾಲು ಸೇರಿಸಿದ್ದರು: ಗುಂಡಿಯ ಮಾತು ಕೇಳಿ ಮೋಟಾರು ನಡೆಸುವ ನಮ್ಮ ಪ್ರೋಗ್ರಾಂ ಏಳುವವರೆಗೆ ಬೋರ್ಡಿನ ಸಿಸ್ಟಮ್ಮೇ ಮಿಡಿಯುತ್ತಿರಲಿ. ಸರಿ. ಎದ್ದ ಮೇಲೆ ಪ್ರೋಗ್ರಾಂ ಆ ಕೆಲಸ ತಾನು ವಹಿಸಿಕೊಳ್ಳಬೇಕಲ್ಲ?

"ಅದನ್ನ ಬರೆದೋರ್ಯಾರು?" ಎಂದೆ.

"ನೀವು ಬರೆದಿಲ್ವೇನ್ರೀ?"

"ನೀವು ಬರೆದಿದೀರಿ ಅಂದ್ಕೊಂಡಿದ್ದೆ."

"ಲೈಟ್ ಹೊಡ್ಕಂತಾ ಐತಲ್ರೀ, ಇನ್ನೇನು ಬೇಕು? ಎಲ್ಲಾದಕ್ಕೂ ವಾದ ನಿಮ್ದು."

ಮೇಜಿನ ಮೇಲಿದ್ದ ಬಾಕ್ಸಿನಲ್ಲಿ ಪ್ರೋಗ್ರಾಂ ನಿಲ್ಲಿಸಿದೆ. ದೀಪ ಮಿಣುಕುತ್ತಲೇ ಇತ್ತು. ಆಫ್ ಗುಂಡಿ ಒತ್ತಿದೆ. ಮೋಟಾರಿಗೆ ಕರೆಂಟು ಬಿಡುವ ರಿಲೇ ಆನ್ ಆಗಿಯೇ ಉಳಿಯಿತು. ಸತ್ತವನ ನಾಡಿಯನ್ನು ಇನ್ಯಾರೋ ಮಿಡಿಸುತ್ತಿದ್ದರು.

ಇದೇ ಫೈಲಿನ ಎರಡು ಬಾಕ್ಸ್ ಹೊರಗಿದ್ದವು: ಸೊರಬದ ಕಡೆ ಕುಬಟೂರಿನ ನನ್ನ ಸೋದರಮಾವನ ಹತ್ತಿರ ಒಂದು, ತಾಳಗುಂದದ ರೈತರೊಬ್ಬರ ಹತ್ತಿರ ಇನ್ನೊಂದು. ಮಾವನಿಗೆ ಫೋನ್ ಹಚ್ಚಿದೆ.

"ಕೆಲಸದಲ್ಲಿದೀನಿ ಮಾರಾಯ್ತಿ. ಮೋಟಾರಿಗೂ ಪಂಪಿಗೂ ನಡುವಿನ ರಬ್ಬರ್ ಹರಿದೈತೆ, ಕೈ ಹಾಕಿ ತೆಗೀತಿದೀನಿ."

"ಕರೆಂಟು?"

"ತ್ರೀಫೇಸ್ ಇನ್ನೂ ಬಂದಿಲ್ಲ. ಬಂದ್ರೇನು? ಬಾಕ್ಸಿಂದು ಆಫ್ ಒತ್ತಿದೀನಿ. ಲೈಟ್ ಹೊಡ್ಕಂತೈತೆ."

ಅಲ್ಲಿಯೂ ಪ್ರೋಗ್ರಾಂ ನಿಂತಿದ್ದು ಆ ಗುಂಡಿಯ ಮಾತು ಯಾರಿಗೂ ಕೇಳಿಸಿರದಿದ್ದರೆ, ಮೋಟಾರು ಸುಮ್ಮನಿರುವುದು ಕರೆಂಟಿಲ್ಲ ಎಂಬ ಒಂದೇ ಕಾರಣಕ್ಕೆ.

"ಮಾವ, ಕೈ ತೆಗೀರಿ. ಮೊದ್ಲು ಹೋಗಿ ಫ್ಯೂಸ್ ಕೀಳಿ."

"ಫೋನಲ್ಲೂ ಡಿಬೇಟಾ? ಕಪ್ ಯಾರು ಕೊಡ್ತಾರೆ?"

"ಕಪ್ ನೀವೇ ಇಟ್ಕೊಳಿ. ಏಳಿ!"

ಗೊಣಗುತ್ತ ಎದ್ದರು. ಚಪ್ಪಲಿಯ ಸದ್ದು ಕೇಳಿಸಿತು. ಫ್ಯೂಸಿನವರೆಗೂ ಹೋಗಿರಲಿಲ್ಲ, ಅವರ ಬೆನ್ನ ಹಿಂದೆ ಮೋಟಾರು ಗುಂಯ್ ಎಂದು ತಿರುಗತೊಡಗಿತು.

ಮಾವ ಫ್ಯೂಸ್ ಕಿತ್ತರು, ಸದ್ದು ನಿಂತಿತು. ಆಮೇಲೆ ಮೆಲ್ಲಗೆ ಅಂದರು, "ಲೈಟ್ ಇನ್ನೂ ಹೊಡ್ಕಂತೈತೆ ಕಣೇ."

ಪಕ್ಕದಲ್ಲಿ ಪಾರ್ಟ್ನರ್ ತಾಳಗುಂದದ ನಂಬರಿಗೆ ಹಚ್ಚಿದ್ದರು. ಅಲ್ಲಿಯೂ ತ್ರೀಫೇಸ್ ಬರುವ ಹೊತ್ತು ಅದೇ. ರಿಂಗ್ ಆಗಿ ಆಗಿ ಕಟ್ಟಾಯಿತು. ನನ್ನ ಮುಖ ನೋಡದೆ ಮತ್ತೆ ಹಚ್ಚಿದರು.